ಸುರಂಗದ ನೀರಿನಲ್ಲಿ ಅದ್ದಿದ ಗಿಟಾರ್

ಅಪ್ಪ ಮೈಲುತುತ್ತು ಮತ್ತು ಸುಣ್ಣ ಕಲಸುವ ನೀಲಿ ಡ್ರಮ್ಮಿಗೆ ನಮ್ಮ ಮನೆಯಲ್ಲಿ ವರ್ಷಕ್ಕೆ ಎರಡು ಮೂರು ಸಲವಷ್ಟೇ ಕೆಲಸ. ಮಳೆಗಾಲ ಹಿಡಿಯುವ ಮುಂಚೆ ಒಮ್ಮೆ, ನಡುವೆ ಬಿಸಿಲು ಬಿಟ್ಟಾಗ ಇನ್ನೊಮ್ಮೆ ಅಡಿಕೆಗೆ ಮದ್ದು ಬಿಟ್ಟಾದ ಮೇಲೆ ಅದು ಕೊಟ್ಟಿಗೆಯ ಹಿಂದೆ ಬೋರಲು ಬಿದ್ದಿರುತ್ತದೆ. ಕಳೆದ ಜನವರಿಯಲ್ಲಿ ನಾನು ಅದನ್ನು ಉರುಳಿಸಿಕೊಂಡು ಅಂಗಳಕ್ಕೆ ತಂದಾಗ, ಅಡಿಕೆ ಹರಡುತ್ತಿದ್ದ ಅಪ್ಪ ತಲೆಯೆತ್ತಿ, "ಈಗ ಮದ್ದು ಬಿಡುವ ಹೊತ್ತಲ್ಲವಲ್ಲ?" ಎಂದರು. ಗಿಟಾರ್ ಅದ್ದುವುದಕ್ಕೆ ಎಂದೆ. ಅವರು ಸ್ವಲ್ಪ ಹೊತ್ತು ನನ್ನನ್ನೂ ಡ್ರಮ್ಮನ್ನೂ ನೋಡಿ, "ಒಳಗಿನ ಸುಣ್ಣ ಹೋಗುವ ಹಾಗೆ ತಿಕ್ಕಿ ತೊಳೆ" ಎಂದಷ್ಟೇ ಹೇಳಿ ಮತ್ತೆ ಅಡಿಕೆಯ ಕಡೆಗೆ ಬಗ್ಗಿದರು. ಆ ಮಾತನ್ನು ನಾನು ಅಕ್ಷರಶಃ ಪಾಲಿಸಿದ್ದರೆ ಒಂದು ವಾರ ಉಳಿಯುತ್ತಿತ್ತು.

ಗಿಟಾರ್ ಹಳೆಯದು. ಮಂಗಳೂರಿನಲ್ಲಿ ಓದುತ್ತಿದ್ದಾಗ ಹಿರಿಯ ವಿದ್ಯಾರ್ಥಿಯೊಬ್ಬರಿಂದ ಕೊಂಡ ಕಪ್ಪು ಎಲೆಕ್ಟ್ರಿಕ್ ಗಿಟಾರ್. ಆ ದಿನಗಳಲ್ಲಿ ಹಾಸ್ಟೆಲಿನ ಗೋಡೆಯ ಮೇಲೆ ನನ್ನ ಕಣ್ಣನ್ನು ಹಿಡಿದಿಟ್ಟಿದ್ದ ಒಂದು ಚಿತ್ರವಿತ್ತು: 1990ರಲ್ಲಿ ಐಬನೆಜ್ ಕಂಪನಿ ಗಿಟಾರ್ ವಾದಕ ಸ್ಟೀವ್ ವಾಯ್ ಅವರಿಗೆಂದು ರೂಪಿಸಿ ಮಾರುಕಟ್ಟೆಗೆ ತಂದ ಏಳು ತಂತಿಯ ಯೂನಿವರ್ಸ್ ಗಿಟಾರ್. ಹಸಿರು, ಗುಲಾಬಿ, ಹಳದಿ ಬಣ್ಣಗಳು ನದಿಯ ಸುಳಿಯಂತೆ ಒಂದರೊಳಗೊಂದು ತಿರುಗಿ ಮರದ ಅಂಚನ್ನು ದಾಟಿ ಬೆನ್ನಿಗೆ ಹೋಗುತ್ತಿದ್ದವು. ಅದನ್ನು ಕುಂಚದಿಂದ ಬರೆದದ್ದಲ್ಲ, ನೀರಿನ ಮೇಲೆ ತೇಲಿಸಿದ ಬಣ್ಣದೊಳಗೆ ಮರವನ್ನು ಅದ್ದಿ ತೆಗೆದದ್ದು ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹಾಗಾಗಿ ಒಂದರಂತೆ ಇನ್ನೊಂದು ಇರಲು ಸಾಧ್ಯವೇ ಇಲ್ಲ. 2000ದಲ್ಲಿ ಇದೇ ವಿಧಾನದ 300 ಗಿಟಾರ್‌ಗಳ ಬಣ್ಣಕ್ಕೆ ವಾಯ್ ತಮ್ಮ ರಕ್ತವನ್ನೇ ಬೆರೆಸಿಕೊಟ್ಟಿದ್ದರು. ನನಗೆ ಆ ಸಂಗತಿಗಿಂತ ನೀರಿನ ಸಂಗತಿಯೇ ಹೆಚ್ಚು ಹಿಡಿಸಿತು.

ನೀರಿನ ಮೇಲೆ ಬಣ್ಣ ತೇಲಿಸುವುದು ಗಿಟಾರಿಗಿಂತ ಬಹಳ ಹಳೆಯ ವಿದ್ಯೆ. ತುರ್ಕಿಯ ಎಬ್ರು, ಜಪಾನಿನ ಸುಮಿನಗಾಶಿ ಎಲ್ಲವೂ ಇದೇ ಕುಲಕ್ಕೆ ಸೇರಿದವು. ನಮ್ಮದೇ ಬಿಜಾಪುರದಲ್ಲಿ, ಆದಿಲ್‌ಶಾಹಿ ಕಾಲದ 17ನೇ ಶತಮಾನದಲ್ಲಿ, ಚಿತ್ರಕಾರರು ನೀರಿನ ಮೇಲಿನ ಬಣ್ಣವನ್ನು ಕಾಗದಕ್ಕೆ ಎತ್ತಿ ಅದರಲ್ಲೇ ಬಡಕಲು ಕುದುರೆಗಳನ್ನೂ ಸವಾರರನ್ನೂ ಮೂಡಿಸಿದ್ದರು. ಪಾರಸಿಯಲ್ಲಿ ಅದಕ್ಕೆ ಅಬ್ರಿ ಎನ್ನುತ್ತಾರೆ. ಅಬ್ರ್ ಎಂದರೆ ಮೋಡ. ಇದನ್ನು ಓದಿದ ದಿನ ನನಗೆ ಹೊರಗಿನದೇನನ್ನೋ ಅನುಕರಿಸುತ್ತಿದ್ದೇನೆ ಎಂಬ ಅಳುಕು ಹೋಯಿತು.

ಗಿಟಾರಿನ ಬಾಡಿಯಿಂದ, ಅಂದರೆ ಮರದ ಮೈಯಿಂದ, ಕತ್ತಿನಂತಿರುವ ನೆಕ್, ತಂತಿಯ ದನಿ ಹಿಡಿಯುವ ಪಿಕಪ್, ತಂತಿ ಕೂರುವ ಬ್ರಿಡ್ಜ್ ಎಲ್ಲವನ್ನೂ ಬಿಚ್ಚಿ, ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ವಾಹನಗಳಿಗೆ ಬಣ್ಣ ಹೊಡೆಯುವ ಪೇಂಟರಣ್ಣನ ಬಳಿ ಒಯ್ದೆ. ಹಳೆಯ ಬಣ್ಣವನ್ನು ಮರದವರೆಗೆ ಕೆರೆದು ತೆಗೆಯಬೇಕೆಂದು ನಾನು ಎಣಿಸಿದ್ದೆ. ಅವರು ಉಗುರಿನಿಂದ ಕುಟ್ಟಿ ನೋಡಿ, "ಮಾಷ್ಟ್ರೇ, ಇದು ಕಲ್ಲಿನ ಹಾಗೆ ಕೂತಿದೆ. ನೀರಿಗೆ ಹಾಕುವ ಮರಕ್ಕೆ ಇದಕ್ಕಿಂತ ಒಳ್ಳೆಯ ಕವಚ ಬೇರೆ ಇಲ್ಲ. ತೆಗೆಯಬೇಡಿ" ಎಂದರು. ಎಷ್ಟು ಸರಿಯಾದ ಮಾತು! ಬರಿಯ ಮರ ನೀರು ಕುಡಿದು ಉಬ್ಬಿದರೆ ಮೇಲಿನ ಬಣ್ಣವೆಲ್ಲ ಬಿರಿಯುತ್ತದೆ. ಚಕ್ಕೆ ಎದ್ದಿದ್ದ ಕಡೆ ಪುಟ್ಟಿ ತುಂಬಿ, 400 ನಂಬರಿನ ವಾಟರ್ ಪೇಪರಿನಲ್ಲಿ ಹೊಳಪು ಹೋಗುವಷ್ಟು ಉಜ್ಜಿದೆ. ಅವರು ಅದರ ಮೇಲೆ ಗಟ್ಟಿಕಾರಕ ಬೆರೆಸಿದ ಬಿಳಿ ಬಣ್ಣವನ್ನು ಹೊಡೆದುಕೊಟ್ಟರು. ಅದು ಪೂರ್ತಿ ಒಣಗಿದ ಮೇಲೆ ಮತ್ತೆ ಉಜ್ಜಿ ಮಂಕು ಮಾಡಿಕೊಂಡೆ. ನುಣುಪಾದ ಮೇಲ್ಮೈಗೆ ತೇಲುವ ಬಣ್ಣ ಅಂಟುವುದಿಲ್ಲ, ಜಾರುತ್ತದೆ. ಅಡಿಬಣ್ಣ ಗಟ್ಟಿಕಾರಕದ್ದೇ ಆಗಬೇಕೆಂದು ಅವರು ಹಟ ಹಿಡಿದದ್ದರ ಬೆಲೆ ನನಗೆ ಆಮೇಲೆ ತಿಳಿಯಿತು.

ನೆಕ್ ಕೂರುವ ಜಾಗದಲ್ಲಿ ಮೊದಲೇ ನಾಲ್ಕು ಸ್ಕ್ರೂ ತೂತುಗಳಿರುತ್ತವೆ. ಅಲ್ಲಿಗೆ ಮೂರು ಅಡಿಯ ಮರದ ಪಟ್ಟಿಯೊಂದನ್ನು ಬಿಗಿದೆ, ಹಿಡಿಕೆಗೆ. ಪಿಕಪ್ಪಿನ ಗುಳಿಗಳಿಗೆ ಟೇಪು ಸುತ್ತಿ, ಚಿಕ್ಕ ತೂತುಗಳಿಗೆ ಅಡಿಕೆ ಸಲಾಕೆಯಿಂದ ಕೆತ್ತಿದ ಬೆಣೆ ಹೊಡೆದೆ. ಗುಳಿಯಲ್ಲಿ ಸಿಕ್ಕಿಕೊಂಡ ಗಾಳಿ ನೀರೊಳಗೆ ಗುಳ್ಳೆಯಾಗಿ ಹೊರಟರೆ ಸುತ್ತಲಿನ ಬಣ್ಣವನ್ನು ಒಡೆದೇ ಬರುತ್ತದೆ.

ಇನ್ನು ಬಿಳಿಗಾರ, ಅಂದರೆ ಬೋರಾಕ್ಸ್. ಈ ವಿಧಾನದ ಗುಟ್ಟೆಲ್ಲ ಇರುವುದು ಇದರಲ್ಲಿ. ಬರಿಯ ನೀರಿನ ಮೇಲೆ ಎನಾಮಲ್ ಬಣ್ಣದ ಹನಿ ಬಿಟ್ಟು ನೋಡಿದೆ. ಒಂದು ಗಳಿಗೆ ಮುದ್ದೆಯಾಗಿ ನಿಂತಿತು, ಇನ್ನೊಂದು ಸಲ ಹರಿದು ಚೂರುಚೂರಾಯಿತು. ಬಿಳಿಗಾರ ಕರಗಿದ ನೀರಿನಲ್ಲಾದರೋ ಅದೇ ಹನಿ ತಟ್ಟೆಯಷ್ಟು ಅಗಲಕ್ಕೆ ಹರಡಿ ಹಾಳೆಯಂತೆ ಒಂದಾಗಿ ನಿಲ್ಲುತ್ತದೆ. ಅಕ್ಕನ ಮಗನನ್ನು ತರಲು ಕಳಿಸಿದರೆ ಅವನು ಕೇರಂ ಬೋರ್ಡಿಗೆ ಹಾಕುವ ಪುಡಿ ತಂದ. ಅದು ಬೋರಿಕ್ ಆಮ್ಲ. ಹೆಸರು ಹತ್ತಿರದ್ದು, ವಸ್ತು ಬೇರೆ. ಮದ್ದಿನ ಸಾಮಾನಿನ ಅಂಗಡಿಯಲ್ಲಿ ಬಿಳಿಗಾರ ಎಂದೆ, ಬೋರಾಕ್ಸ್ ಎಂದೆ, ತಿಳಿಯಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು "ಪೊನ್‌ಕಾರಂ" ಎಂದು ಮಲಯಾಳದಲ್ಲಿ ಹೇಳಿದೊಡನೆ ಡಬ್ಬಿ ಕೆಳಗಿಳಿಯಿತು. ಆದರೆ ಅಕ್ಕಸಾಲಿಗರು ಬೆಸುಗೆಗೆ ಒಯ್ಯುವ ಸಣ್ಣ ಪೊಟ್ಟಣಗಳೇ ಅಲ್ಲಿದ್ದದ್ದು. ನನಗೆ ಬೇಕಾದದ್ದು ಕಿಲೋ ಲೆಕ್ಕದಲ್ಲಿ. ಕೊನೆಗೆ ಅಪ್ಪನೇ ದಾರಿ ತೋರಿಸಿದರು: "ತೆಂಗಿಗೆ ಹಾಕುವುದೂ ಅದೇ ಅಲ್ಲವೇ? ಗೊಬ್ಬರದ ಅಂಗಡಿಗೆ ಹೋಗು." ತೆಂಗಿನ ಎಳೆಯ ಗರಿ ಬೋರಾನ್ ಸಾಲದೆ ಮುರುಟಿದಾಗ ಬುಡಕ್ಕೆ ಕೊಡುವುದು ಬೋರಾಕ್ಸನ್ನೇ. ತೆಂಗು ಸಂಶೋಧನೆಗೆ 1916ರಲ್ಲೇ ಕೇಂದ್ರ ಆರಂಭವಾದ ಜಿಲ್ಲೆ ನಮ್ಮದು. ಇಲ್ಲಿ ಕುಳಿತು ನಾನು ಬಿಳಿಗಾರಕ್ಕಾಗಿ ಅಲೆದಿದ್ದೆ.

ಲೀಟರಿಗೆ ಐದು ಗ್ರಾಂ ಎಂಬ ಲೆಕ್ಕ ಹಿಡಿದೆ. ಡ್ರಮ್ಮಿನಲ್ಲಿ 180 ಲೀಟರ್ ನೀರು, 900 ಗ್ರಾಂ ಬಿಳಿಗಾರ. ತಣ್ಣೀರಿನಲ್ಲಿ ಅದು ಸಲೀಸಾಗಿ ಕರಗದು. ಬೇರೆ ಬಕೆಟ್ಟಿನಲ್ಲಿ ಬಚ್ಚಲ ಹಂಡೆಯ ಬಿಸಿನೀರು ತೆಗೆದು, ಕರಗಿಸಿ, ಆಮೇಲೆ ಡ್ರಮ್ಮಿಗೆ ಸುರಿದೆ.

ಸುರಿದೊಡನೆ ನೀರು ಅಕ್ಕಿ ತೊಳೆದ ನೀರಿನಂತೆ ಮಸುಕಾಯಿತು. ಮೇಲೆ ಬಿಳಿಯ ಪುಡಿ ತೇಲಿತು. ಬಣ್ಣ ಬಿಟ್ಟರೆ ಆ ಪುಡಿಗೆ ತಾಗಿದಲ್ಲೆಲ್ಲ ತೂತು ಬಿದ್ದು ಜಾಲರಿಯಾಯಿತು. ಡ್ರಮ್ಮಿನ ಒಳಮೈಯಲ್ಲಿ ಹಪ್ಪಳಗಟ್ಟಿದ್ದ ಸುಣ್ಣ ಬಿಳಿಗಾರದೊಂದಿಗೆ ಕೂಡಿ ಗಸಿಯಾಗಿತ್ತು. ಎಲ್ಲವನ್ನೂ ಚೆಲ್ಲಿ, ತೆಂಗಿನ ನಾರಿನಿಂದ ಉಜ್ಜಿ, ಹುಣಸೆಹುಳಿಯ ನೀರಿನಲ್ಲಿ ತೊಳೆದು, ಮತ್ತೆ ಉಜ್ಜಿದೆ. ಬೆರಳಿಗೆ ನೀಲಿಯೂ ಬಿಳಿಯೂ ಹತ್ತದಂತಾಗಲು ಎರಡು ದಿನ ಹಿಡಿಯಿತು.

ಅಭ್ಯಾಸಕ್ಕೆ ಗೆರಟೆಗಳನ್ನು ಆರಿಸಿಕೊಂಡೆ. ಮನೆಯಲ್ಲಿ ತೆಂಗಿನ ಗೆರಟೆಗೇನು ಬರ? ಹೊರಮೈ ನುಣುಪು ಮಾಡಿ ಬಿಳಿ ಬಳಿದ ಇಪ್ಪತ್ತು ಗೆರಟೆಗಳು ಸಾಲಾಗಿ ಜಗಲಿಯಲ್ಲಿ ಕೂತವು. ಚಪ್ಪಟೆ ಹಲಗೆಗಿಂತ ಗೆರಟೆ ಒಳ್ಳೆಯ ಗುರು. ಬಣ್ಣ ಉರುಟಾದ ಮೈಯನ್ನು ಹೇಗೆ ಸುತ್ತಿಕೊಳ್ಳುತ್ತದೆ, ಎಲ್ಲಿ ಹಿಗ್ಗುತ್ತದೆ, ಎಲ್ಲಿ ನೆರಿಗೆಯಾಗುತ್ತದೆ ಎಂಬುದನ್ನು ಅದು ತೋರಿಸಿಕೊಡುತ್ತದೆ. ಬಣ್ಣ ಸಾಮಾನ್ಯ ಸಿಂಥೆಟಿಕ್ ಎನಾಮಲ್, ಕಿಟಕಿ ಬಾಗಿಲಿಗೆ ಬಳಿಯುವಂಥದ್ದು. ನೀರಿನಲ್ಲಿ ಕರಗುವ ಬಣ್ಣ ಇಲ್ಲಿ ಕೆಲಸಕ್ಕೆ ಬಾರದು. ಡಬ್ಬಿಯಿಂದ ತೆಗೆದ ಹಾಗೆಯೇ ಹಾಕಿದರೆ ಹನಿ ಮುಳುಗುತ್ತದೆ. ಟರ್ಪೆಂಟೈನ್ ಬೆರೆಸಿ ಹಾಲಿನ ಹದಕ್ಕೆ ತರಬೇಕು. ಹೆಚ್ಚು ತೆಳುವಾದರೆ ಬಣ್ಣ ಮಾಸುತ್ತದೆ. ನನ್ನ ಹಳದಿ ಯಾವಾಗಲೂ ಮೊಂಡು ಹಿಡಿಯುತ್ತಿತ್ತು, ಅದಕ್ಕೆ ಕೆಂಪಿಗಿಂತ ಹೆಚ್ಚು ಟರ್ಪೆಂಟೈನ್ ಬೇಕಾಯಿತು.

ಕೆಂಪು, ಹಳದಿ, ಕಪ್ಪು, ಅಡಿಯಲ್ಲಿ ಬಿಳಿ. ಈ ನಾಲ್ಕನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿದೆ. ಚಿಕ್ಕಂದಿನಲ್ಲಿ ಯಕ್ಷಗಾನದ ಆಟಕ್ಕೆ ಹೋದರೆ ನಾನು ರಂಗಸ್ಥಳದ ಮುಂದೆ ಕೂರುತ್ತಿದ್ದುದಕ್ಕಿಂತ ವೇಷ ಕಟ್ಟುವ ಚೌಕಿಯಲ್ಲಿ ನಿಲ್ಲುತ್ತಿದ್ದುದೇ ಹೆಚ್ಚು. ರಾಕ್ಷಸ ಪಾತ್ರಗಳ ಬಣ್ಣದ ವೇಷದವರು ದೀಪದ ಎದುರು ಕುಳಿತು ಗಂಟೆಗಟ್ಟಲೆ ಮುಖ ಬರೆದುಕೊಳ್ಳುತ್ತಿದ್ದರು. ಕೆಂಪು, ಹಳದಿ, ಕಾಡಿಗೆ, ಮೇಲೆ ಅಕ್ಕಿಹಿಟ್ಟು ಸುಣ್ಣದಿಂದ ಇಡುವ ಬಿಳಿ ಚುಕ್ಕೆ, ಚಿಟ್ಟಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವನಿಗೆ ಬಣ್ಣ ಎಂದರೆ ಮೊದಲು ನೆನಪಾಗುವುದು ಆ ಮುಖಗಳು.

ಗೆರಟೆಗಳು ಕಲಿಸಿದ ಒಂದು ಸಂಗತಿಯನ್ನು ಬಿಡಿಸಿ ಹೇಳಬೇಕು. ಮೊದಲು ಬಿಟ್ಟ ಬಣ್ಣ ಅಗಲವಾಗಿ ಹರಡುತ್ತದೆ ನಿಜ. ಎರಡನೆಯ ಬಣ್ಣದ ಹನಿ ಅದರ ಮೇಲೆ ಬಿದ್ದಾಗ ಅದನ್ನು ಬದಿಗೆ ತಳ್ಳುತ್ತದೆ, ಮೂರನೆಯದು ಎರಡನ್ನೂ ತಳ್ಳುತ್ತದೆ. ಹೀಗೆ ಮೊದಲು ಬಂದದ್ದು ಕೊನೆಗೆ ದಾರದಷ್ಟು ಸಪೂರವಾಗಿ ಉಳಿಯುತ್ತದೆ. ಕಾಡಿಗೆಯ ಗೆರೆಯಂತೆ ಕಾಣಬೇಕಾದ ಕಪ್ಪನ್ನು ಮೊದಲು ಬಿಡಬೇಕು, ಮೈದುಂಬಿ ನಿಲ್ಲಬೇಕಾದ ಕೆಂಪನ್ನು ಕೊನೆಗೆ. ಆಮೇಲೆ ಹಿಡಿಸೂಡಿಯ ಒಂದು ಕಡ್ಡಿಯಿಂದ ಮೆಲ್ಲನೆ ಎಳೆದರೆ ಸುಳಿ ಹುಟ್ಟುತ್ತದೆ. ಎರಡು ಎಳೆತ ಚಂದ, ಐದಾದರೆ ಕೆಸರು. ನನ್ನ ಏಳೆಂಟು ಗೆರಟೆಗಳು ಹೆಚ್ಚು ಕಲಕಿದ್ದರಿಂದಲೇ ಕೆಟ್ಟವು. ಕೈ ತಡೆಯುವುದು ಅಷ್ಟು ಕಷ್ಟ.

ಬಾಡಿಯನ್ನು ಮೊದಲ ಸಲ ಅದ್ದಿದ್ದು ಒಂದು ಭಾನುವಾರ ಮಧ್ಯಾಹ್ನ. ಡ್ರಮ್ಮಿಗೆ ಮಾಳಿಗೆಯ ಮೇಲಿನ ಕಪ್ಪು ಟ್ಯಾಂಕಿನ ನೀರು ತುಂಬಿದ್ದೆ. ಬಿಸಿಲಿಗೆ ಕಾದ ನೀರು. ಬೆಳಗಿನ ಹೊತ್ತು ಗೆರಟೆ ಅದ್ದುವಾಗ ನಿಮಿಷಗಟ್ಟಲೆ ಹಸಿಯಾಗಿರುತ್ತಿದ್ದ ಬಣ್ಣ ಅಂದು ನಾನು ಕಡ್ಡಿ ಎಳೆದು ಮುಗಿಸುವಷ್ಟರಲ್ಲೇ ಕೆನೆಗಟ್ಟಿತು. ಬಾಡಿ ಒಳಗಿಳಿದಾಗ ಅದು ಮೈಗೆ ಅಂಟದೆ ಹಾಲಿನ ಕೆನೆಯಂತೆ ಹರಿಯಿತು. ಹೊರತೆಗೆದರೆ ಅರ್ಧ ಮೈ ಬಿಳಿ, ಅರ್ಧ ಮೈಯಲ್ಲಿ ಚಿಂದಿ. ಅಕ್ಕನ ಮಗ ಅಳುವ ಮುಖ ಮಾಡಿ, "ಮಾವ, ಎಲ್ಲ ಹೋಯಿತಾ?" ಎಂದ. ಹೋಗಿರಲಿಲ್ಲ. ಬಟ್ಟೆಗೆ ಟರ್ಪೆಂಟೈನ್ ಹಚ್ಚಿ ಒರೆಸಿದಾಗ ಹಸಿ ಎನಾಮಲೆಲ್ಲ ಎದ್ದು ಬಂತು, ಅಡಿಯ ಬಿಳಿ ಒಂದಿಷ್ಟೂ ಕದಲಲಿಲ್ಲ. ಪೇಂಟರಣ್ಣನ ಹಟ ನೆನಪಾದದ್ದು ಆಗ.

ಅಂದು ರಾತ್ರಿ ಯೋಚಿಸುತ್ತ ಮಲಗಿದವನಿಗೆ ಹೊಳೆದದ್ದು ಸುರಂಗ. ಮನೆಯ ಹಿಂದಿನ ಗುಡ್ಡದಲ್ಲಿ ಅಜ್ಜನ ಕಾಲದಲ್ಲಿ ಮುರಕಲ್ಲಿನೊಳಗೆ ಅಡ್ಡಕ್ಕೆ ಕೊರೆದ, ಒಬ್ಬ ಮನುಷ್ಯ ನಡೆದುಹೋಗುವಷ್ಟೇ ಅಗಲದ ಸುರಂಗವಿದೆ. ಪಂಪು ಬೇಡ, ಕರೆಂಟು ಬೇಡ, ಕಲ್ಲಿನಿಂದ ಒಸರಿದ ನೀರು ಇಳಿಜಾರಿನಲ್ಲಿ ತಾನಾಗಿ ಬರುತ್ತದೆ. ಬಾಯಾರು, ಪೆರ್ಲ, ಶೇಣಿ ಕಡೆಯ ಎಷ್ಟೋ ಮನೆಗಳು ಇಂಥ ನೀರನ್ನೇ ಕುಡಿದು ಬದುಕಿವೆ. ಬಿಸಿಲು ತಾಗದ ಆ ನೀರು ಎಂಥ ಸೆಕೆಯಲ್ಲೂ ತಂಪು. ಈ ಕೆಲಸದಲ್ಲಿ ಬಣ್ಣಕ್ಕಿಂತ ನೀರೇ ದೊಡ್ಡದೆಂದು ಅಷ್ಟು ಹೊತ್ತಿಗೆ ನನಗೆ ಮನವರಿಕೆಯಾಗಿತ್ತು. ಬಣ್ಣದ ಡಬ್ಬಿಗಳ ಬಗ್ಗೆ ಮಾಡಿದ ಚಿಂತೆಯ ಕಾಲುಭಾಗವನ್ನಾದರೂ ನೀರಿನ ಬಗ್ಗೆ ಮಾಡಿರಲಿಲ್ಲವಲ್ಲ ಎಂದು ಬೇಸರವಾಯಿತು. ಮರುದಿನ ಸಂಜೆ ಸುರಂಗದ ಪೈಪಿನಿಂದ ಡ್ರಮ್ ತುಂಬಿ, ಬಿಳಿಗಾರ ಕರಗಿಸಿ, ಗುಳ್ಳೆಗಳು ಆರಲೆಂದು ಬೈರಾಸು ಮುಚ್ಚಿ ಇಡೀ ರಾತ್ರಿ ಬಿಟ್ಟೆ.

ಬೆಳಗ್ಗೆ ಆರೂವರೆ. ಅಂಗಳದಲ್ಲಿ ಇಬ್ಬನಿ, ಗಾಳಿಯ ಸುಳಿವಿಲ್ಲ. ಬೈರಾಸು ತೆಗೆದಾಗ ನೀರು ಕನ್ನಡಿಯಂತಿತ್ತು. ಕಪ್ಪು ಬಿಟ್ಟೆ, ಹಳದಿ ಬಿಟ್ಟೆ, ಕೆಂಪು ಬಿಟ್ಟೆ. ಡ್ರಮ್ಮಿನ ಬಾಯಿ ಎರಡಡಿಗೂ ಸ್ವಲ್ಪ ಕಡಿಮೆ. ಬಾಡಿಯ ಎದೆ, ಬೆನ್ನು, ಅಂಚುಗಳನ್ನೆಲ್ಲ ಸೇರಿಸಿದರೆ ಅದಕ್ಕಿಂತ ಹೆಚ್ಚು ವಿಸ್ತಾರ. ಆದ್ದರಿಂದ ಬಾಡಿ ಇಳಿಯುತ್ತ ಬಣ್ಣವನ್ನು ತನ್ನೊಂದಿಗೆ ಎಳೆದುಕೊಂಡಂತೆ ಖಾಲಿಯಾಗುವ ಜಾಗಕ್ಕೆ ಹೊಸ ಹನಿ ಬಿಡುತ್ತಿರಬೇಕು. ಆ ಕೆಲಸ ಅಕ್ಕನ ಮಗನದ್ದು. ಹಿಡಿಸೂಡಿ ಕಡ್ಡಿಯಿಂದ ಎರಡೇ ಎಳೆತ ಎಳೆದೆ. ಹಿಡಿಕೆ ಹಿಡಿದು ಬಾಡಿಯ ಬುಡವನ್ನು ಸ್ವಲ್ಪ ಓರೆಯಾಗಿ ನೀರಿಗೆ ತಾಗಿಸಿದೆ.

ಯಾರೂ ಮೊದಲೇ ಹೇಳದಿದ್ದ ಒಂದು ಸಂಗತಿ ಇಲ್ಲಿದೆ: ಮರ ಮುಳುಗಲು ಒಪ್ಪುವುದಿಲ್ಲ. ಹಗುರವಾದ ಮರವನ್ನು ನೀರು ಮೇಲಕ್ಕೆ ಒತ್ತುತ್ತದೆ, ಇಳಿದಷ್ಟೂ ಹೆಚ್ಚು ಬಲದಿಂದ. ಕೈ ನಡುಗಿದರೆ ಬಣ್ಣದಲ್ಲಿ ಅಡ್ಡಗೆರೆ ಬೀಳುತ್ತದೆ. ಭುಜದ ಭಾರವನ್ನೆಲ್ಲ ಹಿಡಿಕೆಯ ಮೇಲೆ ಬಿಟ್ಟು, ಹನ್ನೆರಡರವರೆಗೆ ಎಣಿಸುತ್ತ ಒಂದೇ ವೇಗದಲ್ಲಿ ಇಳಿಸಿದೆ. ಕಣ್ಣೆದುರೇ ಕೆಂಪಿನ ಸುಳಿಯೊಂದು ಅಂಚಿನ ಬಳಿ ಬಂದು, ತಡೆದು, ಅಂಚನ್ನು ಅಪ್ಪಿಕೊಂಡು ಒಳಗೆ ಇಳಿಯಿತು. ಅದರ ಹಿಂದೆ ಕಪ್ಪು ಗೆರೆ. ಅದರ ಹಿಂದೆ ಹಳದಿ. ನೆಕ್ ಕೂರುವ ಜಾಗದ ಇಕ್ಕೆಲದಲ್ಲಿ ಚಾಚಿದ ಬಾಡಿಯ ಎರಡೂ ಕೊಂಬುಗಳು ಮುಳುಗಿದವು. "ಈಗ" ಎಂದೆ. ಹುಡುಗ ಹಳೆಯ ಪತ್ರಿಕೆಯ ಹಾಳೆಗಳನ್ನು ನೀರಿನ ಮೇಲೆ ಎಳೆದು ಉಳಿದ ಬಣ್ಣವನ್ನೆಲ್ಲ ಬಾಚಿ ತೆಗೆದ. ಇದನ್ನು ಮಾಡದೆ ಎತ್ತಿದರೆ ಮೇಲೆ ಬರುವಾಗ ಎರಡನೆಯ ಪದರ ಅಂಟಿ ಮೊದಲಿನದನ್ನು ನುಂಗಿಬಿಡುತ್ತದೆ. ನೀರು ತಿಳಿಯಾಯಿತು. ನಾನು ಬಾಡಿಯನ್ನು ಹಿಡಿದು ಅಲ್ಲೇ ಒತ್ತಿ ನಿಂತಿದ್ದೆ, ಕೈಗಳು ಸೋಲುತ್ತಿದ್ದವು. ಆಮೇಲೆ ಎತ್ತಿದೆ.

ಅಪ್ಪ ಯಾವಾಗ ಬಂದು ಹಿಂದೆ ನಿಂತಿದ್ದರೋ ತಿಳಿಯದು. "ಬಣ್ಣದ ವೇಷ" ಎಂದರು. ಅವರಿಗೆ ನಾನು ಚೌಕಿಯ ಮಾತು ಹೇಳಿರಲೇ ಇಲ್ಲ.

ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ ತೂಗುಹಾಕೋಣವೆಂದು ಹುಡುಗ ಹೇಳಿದ. ಬೇಡವೆಂದೆ. ಆ ಬಿಸಿಗೆ ಬಣ್ಣ ಇಳಿದೀತು, ಸಿಪ್ಪೆಯ ಧೂಳೂ ಉಂಟು. ಅಟ್ಟದ ಮೇಲೆ ತೊಲೆಗೆ ಕಟ್ಟಿ, ಉಳಿದ ನೀರ ಹನಿಗಳನ್ನು ಬಾಯಿಂದ ಮೆಲ್ಲನೆ ಊದಿ ಅಂಚಿಗೆ ಓಡಿಸಿ ಬಿಟ್ಟೆ. ಎನಾಮಲ್ ಮುಟ್ಟಿದರೆ ಅಂಟದಂತಾಗಲು ಒಂದೆರಡು ದಿನ ಸಾಕು. ಒಳಗಿನವರೆಗೆ ಗಟ್ಟಿಯಾಗಲು ಸಾಲದು. ಇದನ್ನು ಕಲಿಸಿದ್ದೂ ಗೆರಟೆಯೇ. ಎಂಟನೆಯ ದಿನ ಒಂದು ಗೆರಟೆಯ ಮೇಲೆ ಪೇಂಟರಣ್ಣ ಗಟ್ಟಿಕಾರಕದ ಕ್ಲಿಯರ್, ಅಂದರೆ ಬಣ್ಣವಿಲ್ಲದ ಹೊಳಪಿನ ಲೇಪ, ಹೊಡೆದು ನೋಡಿದರು. ಎರಡೇ ನಿಮಿಷದಲ್ಲಿ ಬಣ್ಣ ಹಪ್ಪಳ ಕರಿದಂತೆ ಸುಕ್ಕುಗಟ್ಟಿ ಎದ್ದಿತು. ಬಾಡಿ ಅಟ್ಟದಲ್ಲಿ ಐದು ವಾರ ತೂಗಿತು. ದಿನಾ ಶಾಲೆಯಿಂದ ಬಂದವನು ಏಣಿ ಹತ್ತಿ ನೋಡಿ ಇಳಿಯುತ್ತಿದ್ದೆ.

ಕ್ಲಿಯರ್ ಹೊಡೆಯುವುದನ್ನು ನಾನು ಮನೆಯಲ್ಲಿ ಮಾಡಲಿಲ್ಲ, ಮಾಡಬಾರದು ಎಂದೇ ಹೇಳುತ್ತೇನೆ. ಆ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಉಸಿರಾಟಕ್ಕೆ ಅಪಾಯಕಾರಿ. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಅದು ನಿಲ್ಲುವುದಿಲ್ಲ. ಪೇಂಟರಣ್ಣನಲ್ಲಿ ಸರಿಯಾದ ಮುಖವಾಡವೂ ಜಾಗವೂ ಇದ್ದವು. ಮೊದಲು ಮಂಜಿನಂತೆ ತೆಳುವಾಗಿ ಒಂದು, ಆಮೇಲೆ ತುಂಬಿ ಮೂರು ಪದರ ಹೊಡೆದರು. ಒಂದು ವಾರ ಬಿಟ್ಟು ನಾನು 1000, 1500, 2000 ನಂಬರಿನ ಪೇಪರುಗಳಲ್ಲಿ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿದೆ. ಅಂಚುಗಳಲ್ಲಿ ಒಂದೆರಡು ಸಲವಷ್ಟೇ ಕೈಯಾಡಿಸಿದೆ, ಕ್ಲಿಯರ್ ಸವೆಯುವುದು ಮೊದಲು ಅಲ್ಲಿಯೇ.

ಕೆಳಗಿನ ಕೊಂಬಿನ ಒಳಮಗ್ಗುಲಲ್ಲಿ ಹುಣಸೆ ಬೀಜದಷ್ಟು ಜಾಗದಲ್ಲಿ ಬಣ್ಣ ಕೂತಿಲ್ಲ, ಅಡಿಯ ಬಿಳಿ ಕಾಣುತ್ತದೆ. ಕುಂಚದಿಂದ ತುಂಬಿಕೊಡುತ್ತೇನೆಂದು ಪೇಂಟರಣ್ಣ ಹೇಳಿದರು. ನನಗೆ ಮನಸ್ಸು ಬರಲಿಲ್ಲ. ಅದು ಚಿಟ್ಟಿಯಂತೆ ಕಾಣುತ್ತದೆ.

ಬಿಳಿಗಾರದ ನೀರನ್ನು ತೋಟಕ್ಕೆ ಬಿಡಲಿಲ್ಲ. ತೆಂಗಿಗೆ ಬೋರಾನ್ ಬೇಕಾದರೂ ಒಂದೇ ಕಡೆ ಹೆಚ್ಚು ಬಿದ್ದರೆ ಗರಿಯ ತುದಿ ಸುಡುತ್ತದೆ, ಬಣ್ಣದ ಅಂಶ ಬೇರೆ. ಸುರಂಗದಿಂದಲೂ ಬಾವಿಯಿಂದಲೂ ದೂರದ, ಹುಲ್ಲೂ ಬೆಳೆಯದ ಮುರಕಲ್ಲಿನ ಹಾಸಿಗೆ ಹೊತ್ತು ಹಾಕಿದೆವು. ಬಣ್ಣ ಬಾಚಿದ ಪತ್ರಿಕೆಗಳನ್ನು ಒಣಗಿಸಿ ಕಟ್ಟಿಟ್ಟೆ. ಡ್ರಮ್ಮನ್ನು ಎಷ್ಟು ತಿಕ್ಕಿದರೂ ನೀರು ನಿಂತಿದ್ದ ಮಟ್ಟದಲ್ಲಿ ಕೆಂಪು, ಹಳದಿ, ಕಪ್ಪಿನ ಒಂದು ಸಪೂರ ಉಂಗುರ ಉಳಿಯಿತು. ಮೇ ಕೊನೆಯಲ್ಲಿ ಅಪ್ಪ ಅದರಲ್ಲೇ ಮೈಲುತುತ್ತು ಕಲಸಿದರು. ನೀಲಿ ನೀರು ಆ ಉಂಗುರದವರೆಗೆ ಬಂದಾಗ "ಸಾಕು, ಅಳತೆ ಸರಿಯಾಯಿತು" ಎಂದು ಪೈಪು ನಿಲ್ಲಿಸಲು ಹೇಳಿದರು.